ಕೆಳಗಿನ ಸಾಲು

ಮಂಡಿಪೇಟೆಯ ನನ್ನ ಕಟ್ಟಿನ ಅಂಗಡಿಗೆ
ದೇವರುಗಳೇ ಹೆಚ್ಚು ಬರುವುದು, ಆಮೇಲೆ ತೀರಿಕೊಂಡವರು.
ಬದುಕಿರುವವನೊಬ್ಬ ತನ್ನದೇ ಕಾಗದ ಹಿಡಿದು ಬಂದದ್ದು
ಅಪರೂಪ.

ಹವಾಲ್ದಾರ್ ರಾಮ್ಜಿ ನಾಯ್ಕ. ಜಗಳೂರು ಕಡೆಯ ತಾಂಡಾ.
ಈಗ ಹೈವೇ ಬಂಕಿನಲ್ಲಿ ರಾತ್ರಿ ಕಾವಲು.
ಮಂಡಕ್ಕಿ ಚೀಲದಲ್ಲಿ ಸುತ್ತಿ ತಂದಿದ್ದ:
ಪದಕ ಒಂದು, ಪತ್ರ ಒಂದು,
ಗೆದ್ದಲು ಮೂಲೆ ತಿಂದು ಸಿಂಹಗಳನ್ನು ಬಿಟ್ಟಿತ್ತು.

"ಯಾವ ಯುದ್ಧ?" ಅಂದೆ.
"ನಮ್ದಲ್ರೀ. ಲಂಕಾದೋರ ಮನೆಜಗಳ.
ಬಿಡಿಸಾಕೆ ಅಂತ ಹೋಗಿ ನಾವೂ ಹೊಡೆದ್ವಿ."

ನನ್ನದು ಏಳನೇ ಕ್ಲಾಸಿನ ಇಂಗ್ಲಿಷು.
ಬೆರಳಿಟ್ಟು ಅವನೇ ಓದಿಸಿದ, ಬಾಯಿಪಾಠ ಅವನಿಗೆ:
ತಾಳೆಮರಗಳ ನಡುವಿನ ಮನೆಗೆ ಒಬ್ಬನೇ ನುಗ್ಗಿದ್ದು,
ಮೂವರನ್ನು ಕೊಂದದ್ದು,
ತೊಡೆಯಲ್ಲಿ ಗುಂಡಿದ್ದೂ ಸುಬೇದಾರನನ್ನು ಹೊತ್ತು ತಂದದ್ದು.

"ಒಂದು ಸಾಲು ಕಾಣಬಾರದು. ರಟ್ಟಿನೊಳಗೆ ಹೋಗ್ಲಿ."
ಅರ್ಥವಾದವನಂತೆ ನಾನು ಸ್ಕೇಲು ತೆಗೆದು
ಆ ಮೂವರ ಮೇಲಿಟ್ಟೆ.

"ಅದಲ್ಲ. ಅದು ಇರ್ಲಿ, ಅದು ಖರೇ ಐತಿ.
ಕೆಳಗಿಂದು."

ಗಾಯಗೊಂಡ ಶತ್ರುವಿಗೂ ಕರುಣೆ ತೋರಿದನು.

"ಹುಡುಗ. ಮೀಸೆ ಬರೀ ನೆರಳಿನಂಗಿತ್ತು.
ತಣ್ಣಿ, ತಣ್ಣಿ ಅಂತಿದ್ದ.
ನಾವು ಅಲ್ಲಿ ಇಳಿದು ನಾಲ್ಕನೇ ದಿನ.
ನಮ್ಮ ಮಾತಿನಂಗೇ ಕೇಳಿಸ್ತು,
ಮೈ ತಣ್ಣಗಾಗ್ತೈತಿ ಅಂತಾನೆ ಅನ್ಕಂಡೆ.
ಕೋಟು ಬಿಚ್ಚಿ ಹೊದಿಸಿದೆ.
ಮತ್ತೆ ಅಂದ. ಇನ್ನೂ ಬಿಗಿಯಾಗಿ ಸುತ್ತಿದೆ.
ಸೊಂಟದಾಗ ನೀರಿನ ಬಾಟ್ಲಿ ತುಂಬಿತ್ತು.

ಹಿಂದೆ ಬಂದ ಸಾಹೇಬರು ಕೋಟು ನೋಡಿದ್ರು.
ಬರಕೊಂಡ್ರು.
ಮರುದಿನ ನಾನು ಆಸ್ಪತ್ರೆಯಾಗ, ಆಮೇಲೆ ಊರಾಗ.
ಆ ಭಾಷೆ ಕಲಿಯೋ ಕೆಲಸ ಬೀಳಲಿಲ್ಲ."

ಹೋದ ಬೇಸಿಗೆ, ಬಂಕಿನ ಟ್ಯೂಬ್‌ಲೈಟಿನ ಕೆಳಗೆ
ನಾಮಕ್ಕಲ್ಲಿನ ಲಾರಿಯವನೊಬ್ಬ
ಖಾಲಿ ಕ್ಯಾನು ಎತ್ತಿ ತೋರಿಸಿ
ತಣ್ಣಿ? ಅಂದನಂತೆ.

"ನಲ್ಲಿ ತೋರಿಸಿದೆ.
ತುಂಬೋ ಸದ್ದು ಕೇಳ್ತಾ ಅಲ್ಲೇ ಕುಂತೆ.
ಗಾಡಿಗಳು ಹಾರ್ನ್ ಹೊಡೀತಿದ್ವು."

ಕಡುನೀಲಿ ರಟ್ಟು ಕೊಯ್ದೆ, ಕೆಳಗೆ ಒಂದಿಂಚು ಹೆಚ್ಚು ಅಗಲ.
ಅವನು ದೂರ ನಿಂತು ನೋಡಿದ,
ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದ,
ಇನ್ನೂರರ ಎರಡು ನೋಟು ಇಟ್ಟು
ಚಿಲ್ಲರೆ ಬೇಡವೆಂದ. ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋದ.

ಅವನಿಗೆ ಹೇಳದ್ದು ಒಂದಿದೆ.
ಮೂರು ಬದಿಗೆ ಅಂಟು ಹಚ್ಚಿದ್ದೇನೆ.
ಕೆಳಗಿನ ಬದಿ ಸುಮ್ಮನೆ
ಒರಗಿದೆ ಕಾಗದದ ಮೇಲೆ.