ಎರಡನೇ ನುಡಿಯ ಮೂರನೇ ಸಾಲು

ಆಂಪ್ಲಿಫೈಯರ್ ತಂದ ಹುಡುಗರು ಹೇಳಿದ್ದು ಇಷ್ಟೆ:
"ಸುಧಕ್ಕ, ಗುಂಯ್ ಅಂತದೆ. ಶನಿವಾರ ಪ್ರೋಗ್ರಾಂ."
ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ, ಅಪ್ಪ ಬಿಟ್ಟುಹೋದ
ಎಂಟಡಿ ಅಂಗಡಿಯಲ್ಲಿ ಮುಚ್ಚಳ ಬಿಚ್ಚಿದೆ.
ಒಳಗೆ ಜಿರಳೆ ಮೊಟ್ಟೆ, ಉಬ್ಬಿದ ಒಂದು ಕೆಪಾಸಿಟರ್,
ಅರ್ತ್ ತಂತಿ ಕಿತ್ತು ಯಾವ ಕಾಲವಾಗಿತ್ತೋ.
ಸೀಸ ಕರಗಿತು, ಹೊಗೆ ಮೂಗಿಗೆ ಬಂತು, ಗುಂಯ್ ನಿಂತಿತು.
ಬೆಸುಗೆ ಹಾಕುವವಳು ಕೇಳುವುದುಂಟೆ
ಇದರಲ್ಲಿ ಏನು ಹಾಡ್ತೀರಪ್ಪ ಎಂದು?

ಶನಿವಾರ, ಸಾಲಗಾಮೆ ರಸ್ತೆಯ ಕಾಲೇಜು ಮೈದಾನ.
ಮತ್ತೆ ಕೆಟ್ಟರೆ ಇರಲಿ ಎಂದು ನನ್ನನ್ನು
ವೇದಿಕೆ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ್ದರು,
ಮಡಿಲಲ್ಲಿ ಟೆಸ್ಟರು, ಒಂದು ಪೊಟ್ಟಣ ಚುರುಮುರಿ.
ಗಿಟಾರು ಎದ್ದಿತು.
ಹೇಗೆ ಹೇಳಲಿ, ಶಿರಾಡಿ ಇಳಿಜಾರಿನಲ್ಲಿ ಬ್ರೇಕು ತಪ್ಪಿದ ಲಾರಿ
ತನಗೆ ತಾನೇ ಸರಿಯಾದ ಗೇರು ಹುಡುಕಿಕೊಂಡ ಹಾಗೆ.
ನಾನೇ ಸರಿಪಡಿಸಿದ ಡಬ್ಬ ಅದು; ಅದಕ್ಕೆ ಅಂಥ ಗಂಟಲಿದೆ ಎಂದು
ನನಗೇ ಗೊತ್ತಿರಲಿಲ್ಲ.
ಚಪ್ಪಲಿಯೊಳಗೆ ಹೆಬ್ಬೆರಳು ತಾಳ ಹಿಡಿಯಿತು.
ಡ್ರಮ್ಮಿನ ಹಿಂದೆ ಜೆನಿಟಾ, ಚರ್ಚಿನಲ್ಲಿ ಕಲಿತವಳು,
ಕೂದಲು ಬಾಯಿಗೆ ಬಂದರೂ ತೆಗೆಯದೆ ಬಡಿಯುತ್ತಿದ್ದಳು.

ಎರಡನೇ ನುಡಿಯಲ್ಲಿ, ಮೂರನೇ ಸಾಲಿಗೆ,
ಮನ್ವಿತ್ ಆ ಪದ ಹೇಳಿದ.
ಒಲ್ಲೆ ಎಂದ ಯಾವಳೋ ಹುಡುಗಿಗೆ ಹೇಳಿದ ಪದ.
ನನಗದು ಹೊಸದಲ್ಲ.
ರಿಪೇರಿಗೆ ರೇಟು ಜಾಸ್ತಿಯಾಯಿತೆಂದು ಗಿರಾಕಿಯೊಬ್ಬ
ಸ್ಪೀಕರು ಎತ್ತಿಕೊಂಡು ಹೋಗುವಾಗ, ತಿರುಗಿಯೂ ನೋಡದೆ ಎಸೆದಿದ್ದ.
ಎಂಟು ವರ್ಷವಾಯಿತು; ಆ ಬಿಲ್ಲು ಇನ್ನೂ ಡ್ರಾಯರಿನಲ್ಲಿದೆ.
ಈಗ ಅದೇ ಪದ ನನ್ನ ಬೆಸುಗೆಯ ಮೇಲೇ ಹಾದು
ಐನೂರು ವ್ಯಾಟಿನಲ್ಲಿ ಮೈದಾನವೆಲ್ಲ ಹರಡಿತು.
ಹೆಬ್ಬೆರಳು ಮಾತ್ರ ನಿಲ್ಲಲಿಲ್ಲ.
ಬೈದೆ ಅದನ್ನು. ನಿಲ್ಲಲಿಲ್ಲ.

ನಮ್ಮ ಕಾಳಮ್ಮಜ್ಜಿ ಬೀಗರ ಪದಕ್ಕೆ ಹೆಸರಾದವಳು.
ಚಪ್ಪರದಡಿ ಗಂಡಿನ ತಾಯಿಯನ್ನು ಎದುರಿಗೆ ಕೂರಿಸಿಕೊಂಡು
ಮೂಗಿನಿಂದ ಶುರುಮಾಡಿ, ಹೇಳಬಾರದಲ್ಲಿಗೆಲ್ಲ ಹೋಗಿ,
ಬೀಗಿತ್ತಿ ಕತ್ತೆಯ ಜೊತೆ ಓಡಿದ್ದನ್ನೂ ಹಾಡಿ
ಎಲೆಯಡಿಕೆ ಈಸಿಕೊಂಡು ಕೂರುತ್ತಿದ್ದಳು.
ಹೊಲಸಿಗೇನೂ ಕಮ್ಮಿಯಿರಲಿಲ್ಲ.
ಪ್ರಾಸ ತಪ್ಪಿದ್ದನ್ನೂ ನಾನು ಕೇಳಿಲ್ಲ.
ಆದರೆ ಅಜ್ಜಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ
ಬೀಗಿತ್ತಿ ಸೆರಗು ಸಿಕ್ಕಿಸಿ ಎದ್ದು
ನಮ್ಮ ಏಳು ತಲೆಮಾರನ್ನೂ ಜಾಲಾಡಿಸುತ್ತಿದ್ದಳು.
ಮನ್ವಿತನ ಹಾಡಿನ ಹುಡುಗಿಗೆ ಮೈಕು ಎಲ್ಲಿ?
ಎಣಿಸಿದೆ. ಏಳಿದ್ದವು, ನಾಲ್ಕು ಡ್ರಮ್ಮಿಗೇ.

ಇಷ್ಟು ಹೊಳೆದು ಸಮಾಧಾನವಾಯಿತು ಅನ್ನುವಷ್ಟರಲ್ಲಿ
ಗಿಟಾರು ಮತ್ತೆ ಏರಿತು, ಬೆನ್ನುಮೂಳೆ ಬಿಸಿಯಾಯಿತು,
ನನ್ನ ವಾದ ಮಡಿಲಿನ ಚುರುಮುರಿಯಂತೆ ಮೆತ್ತಗಾಯಿತು.

ಪಲ್ಲವಿ ಸುತ್ತಿಕೊಂಡು ಆ ಸಾಲು ಮತ್ತೆ ಬಂತು.
ಪದ ಬೀಳುವ ಜಾಗಕ್ಕೆ ಸರಿಯಾಗಿ
ಡ್ರಮ್ಮು ನಿಂತಿತು. ಒಂದೇ ಪೆಟ್ಟು.
ಆ ಖಾಲಿಯಲ್ಲಿ ಪದ ಒಬ್ಬಂಟಿಯಾಯಿತು,
ಕರೆಂಟು ಬಂದಾಗ ಪಂಚೆ ಕಳಚಿ ನಿಂತವನಂತೆ.
ಮನ್ವಿತನಿಗೂ ಕೇಳಿಸಿರಬೇಕು;
ಮುಂದಿನ ಸಾಲು ಹಿಡಿಯಲು ತುಸು ತಡವಾಯಿತು.
ಜನ ಕೂಗುತ್ತಲೇ ಇದ್ದರು.

ವೈರು ಸುತ್ತುವಾಗ ಜೆನಿಟಾಳನ್ನು ಕೇಳಿದೆ:
"ಬೇಕೂಂತ ಬಿಟ್ಟೆಯೇನೇ?"
ಅಂಗೈ ತೋರಿಸಿದಳು. ಬೊಕ್ಕೆ ಒಡೆದು ಕೆಂಪಗಿತ್ತು.
"ಕೋಲು ಜಾರ್ತು ಅಕ್ಕ."
ಆಮೇಲೆ, ನಟ್ಟು ಬಿಚ್ಚುತ್ತಾ, "ಹಾಡು ಚೆನ್ನಾಗಿತ್ತಲ್ವಾ?"

ಚೆನ್ನಾಗಿತ್ತು ಅಂದೆ. ಅಂದದ್ದಕ್ಕೆ ನಾಚಿಕೆಯಾಯಿತು.
ಇಲ್ಲ ಅಂದಿದ್ದರೂ ಆಗುತ್ತಿತ್ತು.

ರಾತ್ರಿ ಟೆಸ್ಟರು ಇಡಲು ಅಂಗಡಿಗೆ ಹೋದವಳು
ಷಟರು ಎಳೆಯುವಾಗ ಅದನ್ನೇ ಗುನುಗುತ್ತಿದ್ದೆ.
ಎರಡನೇ ನುಡಿ. ಮೂರನೇ ಸಾಲು.
ತುಕ್ಕು ಹಿಡಿದ ಷಟರು, ಕರಕರ ಸದ್ದು ಜೋರು;
ಆ ಪದ ಅಂದೆನೋ ಬಿಟ್ಟೆನೋ
ನನಗೇ ಕೇಳಿಸಲಿಲ್ಲ.