ಒಂದು ಗೇಣು ಇಳಿದು

ಸೋಮವಾರ ರಾತ್ರಿಯಿಂದ ಹೀಗೆ:
ಗುಂಡಿ ಒತ್ತಿದರೆ ಒಂದು ಗೇಣು ಇಳಿಯುತ್ತದೆ,
ನಿಲ್ಲುತ್ತದೆ ಯಾರನ್ನೋ ಕಂಡಂತೆ,
ಮತ್ತೆ ಗಡಗಡ ಮೇಲಕ್ಕೆ.

ಹಾಸನದ ಸಾಲಗಾಮೆ ರಸ್ತೆ. ಗ್ಯಾಸ್ ಗೋಡೌನಿನ ಎದುರು
ನನ್ನ ಡ್ರೈವಿಂಗ್ ಶಾಲೆಯ ಶೆಡ್ಡು.
ಒಳಗೆ ಎರಡು ಬ್ರೇಕಿನ ಹಳೇ ಕಾರು,
ಬೆನ್ನಿಗೆ ಊರಗಲ ಕೆಂಪು ಎಲ್ಲು.
ಕದಿಯುವವನಿಗೂ ನಾಚಿಕೆಯಾಗಬೇಕು.
ಆದರೂ ಬಾಯಿ ತೆರೆದ ಬಾಗಿಲು ಬಿಟ್ಟು
ನಿದ್ದೆ ಹೇಗೆ ಬಂದೀತು?

ರಿಮೋಟಿಗೆ ಹೊಸ ಸೆಲ್ಲು ಹಾಕಿದೆ,
ಗಿಡ್ಡನೆಯದು, ಹನ್ನೆರಡು ವೋಲ್ಟಿನದು,
ನಾಲ್ಕಂಗಡಿ ಸುತ್ತಿ ಕಟ್ಟಿನಕೆರೆ ಹತ್ತಿರ
ಗಡಿಯಾರದವನಲ್ಲಿ ಸಿಕ್ಕಿತು.
ಹಳಿಗೆ ಎಣ್ಣೆ ಬಿಟ್ಟೆ. ಮೈನ್ ಆರಿಸಿ
ನೂರು ಎಣಿಸಿ ಮತ್ತೆ ಹಾಕಿದೆ.
ಮಹಡಿಯಿಂದ ಬೋರಲಿಂಗಯ್ಯನವರು,
ಕೆಇಬಿಯಲ್ಲಿ ರಿಟೈರಾದವರು, ಇಳಿದು ಬಂದು
"ಮೋಟಾರು ಸುಟ್ಟಿದೆ" ಎಂದರು.
ಅವರ ಹೆಂಡತಿ ಮೆಟ್ಟಿಲಿಂದಲೇ,
"ಸುಟ್ಟಿದ್ದರೆ ಮೇಲಕ್ಕೆ ಹೇಗ್ರೀ ಹೋಗ್ತದೆ?"
ಆ ಮಾತಿನಲ್ಲೇ ಅರ್ಧ ರಿಪೇರಿ ಇತ್ತು.
ನಾವಿಬ್ಬರೂ ಕೇಳಿಸಿಕೊಳ್ಳಲಿಲ್ಲ.

ಮೂರು ರಾತ್ರಿ ಕಾರಿನ ಹಿಂದಿನ ಸೀಟಲ್ಲೇ ಮಲಗಿದೆ.
ಎರಡೂವರೆಗೆ ಹಾಲಿನ ಟ್ಯಾಂಕರು,
ನಾಲ್ಕಕ್ಕೆ ಆಲೂಗೆಡ್ಡೆ ಲಾರಿ,
ದೀಪದ ಕೆಳಗೆ ತನ್ನ ಬಾಲವನ್ನೇ ಅಟ್ಟುವ ನಾಯಿ.
ಇಪ್ಪತ್ತು ವರ್ಷ ಈ ರಸ್ತೆಯಲ್ಲೇ ಕಲಿಸಿದವಳು
ಅದು ಕೈಕಾಲು ಚಾಚಿ ಮಲಗಿದ್ದನ್ನು ನೋಡಿರಲಿಲ್ಲ.

ಗುರುವಾರ ಪೆನ್ಷನ್ ಮೊಹಲ್ಲಾದಿಂದ ಮುಬೀನಾ ಬಂದಳು,
ಸೊಂಟಕ್ಕೆ ಟೆಸ್ಟರು, ಕಿವಿಯ ಸಂದಿಗೆ ಪೆನ್ಸಿಲು.
ಮೋಟಾರಿನತ್ತ ಕತ್ತೆತ್ತಲೂ ಇಲ್ಲ. ಕುಕ್ಕರುಗಾಲಲ್ಲಿ ಕೂತಳು.
ಹೊಸ್ತಿಲ ಪಕ್ಕ, ಮೊಣಕಾಲೆತ್ತರಕ್ಕೆ,
ಬಟಾಣಿ ಗಾತ್ರದ ಗಾಜಿನ ಕಣ್ಣು,
ಎದುರು ಗೋಡೆಯ ಕಣ್ಣನ್ನು
ಎವೆಯಿಕ್ಕದೆ ನೋಡುತ್ತಿರಬೇಕಾದದ್ದು.
ಅದರ ಮೇಲೆ ಕುಂಬಾರ ಹುಳ
ಮಡಕೆ ಮೆತ್ತಿತ್ತು.

"ಬಾಗಿಲು ಕೆಟ್ಟಿಲ್ಲ ಮೇಡಂ.
ಕೆಳಗೆ ಯಾರೋ ನಿಂತಿದ್ದಾರೆ ಅಂದ್ಕೊಂಡಿದೆ."

ದುಂಬಿಯನ್ನೇ ನೋಡಿ ನೋಡಿ ಕೀಟ ದುಂಬಿಯಾಯಿತೆಂದು
ನಮ್ಮ ಮೇಷ್ಟ್ರು ಹೇಳುತ್ತಿದ್ದರು.
ಇದು ಮೂರು ದಿನ ಮಣ್ಣನ್ನೇ ನೋಡಿ ನೋಡಿ
ಮನುಷ್ಯನೆಂದು ನಂಬಿ
ಪ್ರತಿ ಸಲ ಹಿಂದೆ ಸರಿದಿದೆ.
ನಾನೋ ಬೈದಿದ್ದೆ. ಒಮ್ಮೆ ಒದ್ದೂ ಇದ್ದೆ.
ದಿನಾ ಬೆಳಿಗ್ಗೆ ಆರಕ್ಕೆ ನಾನೇ ಕಿರುಚುವ ಪಾಠ:
ಅನುಮಾನ ಬಂದರೆ ಬ್ರೇಕು. ಮೊದಲು ಬ್ರೇಕು,
ಆಮೇಲೆ ಯೋಚನೆ.
ಇಷ್ಟು ಚೆನ್ನಾಗಿ ಕಲಿತವರು ಯಾರಿದ್ದರು
ಎಂದು ನೆನೆಯುತ್ತಿದ್ದೇನೆ.
ಒಂದು ಹೆಸರೂ ಬರುತ್ತಿಲ್ಲ.

ಪೆನ್ಸಿಲಿನ ತುದಿಯಿಂದ ಮೀಟಿದಳು ಮುಬೀನಾ.
ಒಡೆದ ಗೂಡಿನಲ್ಲಿ ಎರಡು ಹಸಿರು ಹುಳು,
ಜೋಮು ಹಿಡಿದಂತೆ. ಸತ್ತಿರಲಿಲ್ಲ.
ಇನ್ನೂರೈವತ್ತು ತೆಗೆದುಕೊಂಡಳು, ಟೀ ಬೇಡವೆಂದಳು.
ಬಾಗಿಲು ಇಳಿಯಿತು, ಪೂರ್ತಿ,
ನೆಲಕ್ಕೆ ಗಲ್ಲವಿಟ್ಟು.

ಶುಕ್ರವಾರ, ಪಾಠ ಮುಗಿಸಿ ಕಾರು ಒಳಗಿಟ್ಟು ತಿರುಗಿದರೆ
ಆ ಹುಳ ಮತ್ತೆ ಬಂದಿದೆ,
ಬಾಯಲ್ಲಿ ಹಸಿ ಮಣ್ಣಿನುಂಡೆ.
ಕಣ್ಣಿನ ಮುಂದೆ ತೂಗುತ್ತಿದೆ,
ಇದ್ದ ಮನೆ ಎಲ್ಲಿ ಹೋಯಿತೆಂದು.
ನನ್ನ ಹೆಬ್ಬೆರಳು ಗುಂಡಿಯ ಮೇಲೆ,
ಅರ್ಧ ಕ್ಲಚ್ಚಿನ ಕಾಲಿನ ಹಾಗೆ.