ಸಂತಾಪ ಸಭೆ ಮುಗಿಸಿ ಬಂದು

ವಿದುಷಿ ಅಂದರು ನಿನಗೆ, ಸುಗಲಾ,
ಶಾಲು ಹೊದ್ದ ನಾಲ್ಕು ಮಂದಿ, ಮೈಕಿನೊಳಗೆ.
ಒಬ್ಬ ನಿನ್ನ ಮಾತು ಉದ್ಧರಿಸಿದ, ಅರ್ಧ ತಪ್ಪು.
ಎದ್ದು ತಿದ್ದಬೇಕೆನಿಸಿತು. ಕೂತೇ ಇದ್ದೆ.
ಕಂಡಕ್ಟರನಿಗೆ ಬಸ್ಸಿನ ಸ್ಟೇಜಷ್ಟೇ ಗೊತ್ತು.

ಅಕ್ಕಲಕೋಟೆಯಲ್ಲಿ ಯಾರೂ ಹೇಳಲಿಲ್ಲ,
ಜೂನು ಬಂತೆಂದರೆ ನೀನು ಓಣಿ ಓಣಿ ತಿರುಗಿ
ಕನ್ನಡ ಸಾಲಿಗೆ ಹುಡುಗರನ್ನು ಬೇಡುತ್ತಿದ್ದದ್ದು,
ಹದಿನೇಳಾದರೆ ವರ್ಗ ಉಳಿದೀತು, ಹದಿನಾರಾದರೆ ಇಲ್ಲ ಎಂದು
ಪಡಸಾಲೆಯಲ್ಲಿ ಬೆರಳು ಮಡಚಿದ್ದು.
ಹಾಜರಿ ಪುಸ್ತಕ ಮರಾಠಿ, ಹೆಸರು ಕೂಗುವುದು ಕನ್ನಡ.
‘ಳ’ ಕಲಿಸುವ ದಿನ ಎರಡೂ ಲಿಪಿಯಲ್ಲಿ ಬರೆದು
“ಇದು ಇಬ್ಬರದೂ, ಜಗಳ ಮಾಡಬ್ಯಾಡ್ರಿ” ಅಂದಿಯಂತೆ.
“ಜಗಳದಾಗೂ ಅದ ಐತಲ್ರಿ ಬಾಯಾರ” ಅಂದನಂತೆ
ಹಿಂದಿನ ಸಾಲಿನ ಹುಡುಗ.
ಆ ರಾತ್ರಿ ಉಂಡ ಕೈ ತೊಳೆಯದೆ ನಕ್ಕಿ.

ಮೊದಲು ಕಂಡದ್ದು ನನ್ನ ಬಸ್ಸಿನಲ್ಲಿ.
ತಿಕೀಟಿನ ಬೆನ್ನಿಗೆ ಏನೋ ಬರೆಯುತ್ತ ಬರೆಯುತ್ತ
ಇಳಿಯುವ ಊರು ದಾಟಿಸಿದ್ದಿ.
ಹೆಚ್ಚಿನ ಹಾದಿಗೆ ದುಡ್ಡು ಕೊಟ್ಟಿ, ನಾನು ಬೇಡವೆಂದರೂ.

ಆಮೇಲೆ ಶನಿವಾರದ ಕೂಟ:
ಮುಜಾವರ ಮಾಸ್ತರು, ಧನಶೆಟ್ಟಿ ವಕೀಲರು,
ಸೊಲ್ಲಾಪುರದ ಆ ಪ್ರೊಫೆಸರು, ಚಪ್ಪಲಿ ಬಿಡದವರು.
ನಾನು ಖಾಕಿ ಕಳಚಿ ಚಹಾ ಇಡುತ್ತಿದ್ದೆ.
ವಚನ, ಅಭಂಗ, ಯಾರಿಗೆ ಯಾರ ಋಣ,
ಸಕ್ಕರೆ ಎಷ್ಟೆಂದು ಕೇಳಲೂ ಸಂದು ಸಿಗದ ವಾದ.
ಒಮ್ಮೆ ಗಡಿಯ ಮಾತು ಏರಿ ಏರಿ
ಮಾಸ್ತರು ಟೋಪಿ ತೆಗೆದಿಟ್ಟಾಗ
ನೀನು ಒಳಗೆ ತಿರುಗಿ ಕೇಳಿದಿ: “ನೀವೇನಂತೀರಿ?”
ಇಪ್ಪತ್ತಾರು ವರ್ಷದಲ್ಲಿ ಅದೊಂದೇ ಸಲ.
ಕೈಯಲ್ಲಿ ಬಸಿ ತುಳುಕಿತು.
“ವಾಗ್ದರಿ ದಾಟಿದ ಮ್ಯಾಲೆ ಡ್ರೈವರ ಗೇರ ಬದಲಸ್ತಾನ,
ರಸ್ತೆ ಕೆಟ್ಟೈತಿ. ನನಗ ತಿಳಿದ ಗಡಿ ಅಷ್ಟ.”
ಪ್ರೊಫೆಸರು ನಕ್ಕರು.
ನೀನು ನಗಲಿಲ್ಲ. ವಹಿ ತೆರೆದು ಬರೆದುಕೊಂಡಿ.

ಆ ವಹಿ ಹುಡುಕುತ್ತ ಟ್ರಂಕು ಬಗ್ಗಡ ಮಾಡಿದ್ದೇನೆ.
ಸಿಕ್ಕಿದ್ದು ಕಿರಾಣಿ ಚೀಟಿಗಳ ಕಟ್ಟು, ನನ್ನ ಕೈಬರಹ.
‘ಸಕರಿ’ಗೆ, ‘ಕಡ್ಲಿ ಬೆಳಿ’ಗೆ ನಿನ್ನ ಕೆಂಪು ಗೆರೆ,
ಕೆಳಗೆ ಹತ್ತಕ್ಕೆ ನಾಲ್ಕು, ಹತ್ತಕ್ಕೆ ಆರು.
ಸೋಮಾರಿ ವಿದ್ಯಾರ್ಥಿಯ ಹಾಗೆ ಮೂವತ್ತು ವರ್ಷ
ಆರರ ಮೇಲೆ ಹೋಗಲಿಲ್ಲ ನಾನು.
ಒಂದರಲ್ಲಿ ಮಾತ್ರ, ಯಾವ ಹಬ್ಬದ್ದೋ,
ಬೆಲ್ಲ, ಗಸಗಸೆ, ಯಾಲಕ್ಕಿ ಇರುವ ಚೀಟಿ,
ಒಂಬತ್ತು ಕೊಟ್ಟಿದ್ದಿ.
ಕನ್ನಡಕ ಹಾಕಿ ತಪ್ಪು ಎಣಿಸಿದೆ. ಐದು ಅದಾವ.

ನಾಳೆ ಮುಜಾವರ ಮಾಸ್ತರಿಗೆ ತೋರಿಸಬೇಕು.
ಬ್ಯಾಡ. ತೋರಿಸೂದು ಬ್ಯಾಡ.